ಬಿಪಿ ಮಾತ್ರೆ ತಿನ್ನುವವರಿಗೆ ಮೂಗಿನಲ್ಲಿ ರಕ್ತ ಬಂದರೆ ಮಾತ್ರೆ ನಿಲ್ಲಿಸಬೇಕೇ? ಇಲ್ಲಿದೆ ಮಾಹಿತಿ

ಮುಂಬೈ: ಬೆಳಿಗ್ಗೆ ಮುಖ ತೊಳೆಯುವಾಗ ಮೂಗಿನಿಂದ ರಕ್ತ ಬಂದರೆ ಯಾರಿಗಾದರೂ ಗಾಬರಿಯಾಗುತ್ತದೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರಾದರೆ ಮೊದಲ ಅನುಮಾನ ಮಾತ್ರೆಯ ಮೇಲೆಯೇ. 'ಮಾತ್ರೆಯ ಉಷ್ಣಕ್ಕೆ ಹೀಗಾಯಿತು' ಎಂದುಕೊಂಡು ನಾಲ್ಕು ದಿನ ಮಾತ್ರೆ ಬಿಟ್ಟುಬಿಡುವವರೂ ಇದ್ದಾರೆ. ಆದರೆ ಬಹುತೇಕ ಸಂದರ್ಭಗಳಲ್ಲಿ ಕಾರಣ ಬೇರೆಯೇ ಇರುತ್ತದೆ. ಮಾತ್ರೆ ನಿಲ್ಲಿಸುವುದರಿಂದ ಬರುವ ಅಪಾಯ ಮೂಗಿನ ರಕ್ತಕ್ಕಿಂತ ದೊಡ್ಡದು.

ಮುಂಬೈನಲ್ಲಿ ಇದು ಬಹಳ ಮನೆಗಳ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ 'ಸ್ಟೆಪ್ಸ್' ಮಾದರಿಯಲ್ಲಿ ನಗರದಲ್ಲಿ 2021ರಲ್ಲಿ ನಡೆದ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಸುಮಾರು ಶೇ 34ರಷ್ಟು ಮಂದಿಗೆ ಅಧಿಕ ರಕ್ತದೊತ್ತಡವಿದೆ. ಅಂದರೆ ಮೂವರಲ್ಲಿ ಒಬ್ಬರಿಗೆ.

ರಕ್ತ ಎಲ್ಲಿಂದ ಬರುತ್ತದೆ?

ಎರಡು ಹೊಳ್ಳೆಗಳ ನಡುವಿನ ಗೋಡೆಯ ಮುಂಭಾಗದಲ್ಲಿ ಸಣ್ಣ ರಕ್ತನಾಳಗಳ ಬಲೆಯಿದೆ. ಇದನ್ನು ವೈದ್ಯರು 'ಲಿಟಲ್ಸ್ ಏರಿಯಾ' ಎನ್ನುತ್ತಾರೆ. ಮೂಗಿನ ರಕ್ತಸ್ರಾವಗಳಲ್ಲಿ ಸುಮಾರು ಶೇ 90ರಷ್ಟು ಆರಂಭವಾಗುವುದು ಇಲ್ಲಿಂದಲೇ. ಇಲ್ಲಿನ ಪೊರೆ ತೆಳು. ಒಣಗಿದರೆ, ಉಗುರು ತಾಗಿದರೆ ಅಥವಾ ಜೋರಾಗಿ ಸೀನಿದರೆ ಒಡೆಯುತ್ತದೆ. ವಯಸ್ಸಾದವರಲ್ಲಿ ಕೆಲವೊಮ್ಮೆ ಮೂಗಿನ ಹಿಂಭಾಗದ ದೊಡ್ಡ ರಕ್ತನಾಳದಿಂದ ರಕ್ತ ಬರುತ್ತದೆ. ಅದು ಗಂಟಲಿಗೆ ಇಳಿಯುತ್ತದೆ, ಸುಲಭವಾಗಿ ನಿಲ್ಲುವುದಿಲ್ಲ.

ಬಿಪಿ ಮಾತ್ರೆಯ ಪಾತ್ರವೆಷ್ಟು?

ಅಮ್ಲೋಡಿಪಿನ್, ಲೋಸಾರ್ಟನ್ ಮಾತ್ರೆಗಳ ಅಡ್ಡಪರಿಣಾಮಗಳ ಪಟ್ಟಿಯಲ್ಲಿ ಮೂಗಿನ ರಕ್ತಸ್ರಾವದ ಹೆಸರು ಇದೆ. ಆದರೆ ಅಮ್ಲೋಡಿಪಿನ್ ಪಟ್ಟಿಯಲ್ಲಿ ಇದು ಶೇ 1ಕ್ಕಿಂತ ಕಡಿಮೆ ಮಂದಿಯಲ್ಲಿ ಕಂಡುಬಂದ ತೊಂದರೆಗಳ ಸಾಲಿನಲ್ಲಿದೆ. ಈ ಮಾತ್ರೆಗಳ ಕೆಲಸ ರಕ್ತನಾಳಗಳನ್ನು ಸಡಿಲಗೊಳಿಸುವುದು. ರಕ್ತ ಹೆಪ್ಪುಗಟ್ಟುವುದನ್ನು ತಡೆಯುವುದು ಇವುಗಳ ಕೆಲಸವಲ್ಲ.

ನಿಜವಾಗಿ ನೋಡಬೇಕಾದದ್ದು ಬಿಪಿ ಮಾತ್ರೆಯ ಜೊತೆಗೆ ಬರುವ ಇತರ ಔಷಧಗಳನ್ನು:

* ರಕ್ತ ತೆಳುಗೊಳಿಸುವ ಮಾತ್ರೆಗಳು: ಆಸ್ಪಿರಿನ್, ಕ್ಲೋಪಿಡೊಗ್ರೆಲ್, ವಾರ್ಫರಿನ್, ಅಪಿಕ್ಸಬಾನ್ ಮುಂತಾದವು. ಹೃದ್ರೋಗ ಇರುವವರಿಗೆ ಬಿಪಿ ಮಾತ್ರೆಯೊಂದಿಗೆ ಇವನ್ನೂ ಕೊಟ್ಟಿರುತ್ತಾರೆ. ಒಂದೇ ಮಾತ್ರೆಯಲ್ಲಿ ಆಸ್ಪಿರಿನ್ ಕೂಡ ಸೇರಿರಬಹುದು. ಸ್ಟ್ರಿಪ್ ಹಿಂದಿನ ಹೆಸರು ಓದಿ.
* ನೋವಿನ ಮಾತ್ರೆಗಳು: ಐಬುಪ್ರೊಫೆನ್, ಡೈಕ್ಲೋಫೆನಾಕ್ ರಕ್ತಸ್ರಾವದ ಸಾಧ್ಯತೆಯನ್ನೂ ಬಿಪಿಯನ್ನೂ ಹೆಚ್ಚಿಸುತ್ತವೆ.
* ಅಲರ್ಜಿಗೆ ಬಳಸುವ ಸ್ಟಿರಾಯ್ಡ್ ಸ್ಪ್ರೇ: ಮೂಗಿನ ಪೊರೆಯನ್ನು ಒಣಗಿಸುತ್ತದೆ.
* ನೆಗಡಿ ಮಾತ್ರೆಗಳು: ಫಿನೈಲೆಫ್ರಿನ್ ಇರುವ ಮಾತ್ರೆಗಳು ಬಿಪಿ ಏರಿಸಬಹುದು. ಮೆಡಿಕಲ್ ಅಂಗಡಿಯಲ್ಲಿ ಕೇಳಿ ಕೊಳ್ಳುವಾಗ ಬಿಪಿ ಇದೆ ಎಂದು ಹೇಳಿ.

ಹೆಚ್ಚಿದ ಬಿಪಿಯೇ ಕಾರಣವೇ?

ಬಿಪಿ ಏರಿದೊಡನೆ ಮೂಗಿನಿಂದ ರಕ್ತ ಬರುತ್ತದೆ ಎಂಬುದು ಪೂರ್ತಿ ನಿಜವಲ್ಲ. ಬಹುಪಾಲು ಜನರಲ್ಲಿ ಅಧಿಕ ರಕ್ತದೊತ್ತಡ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಆದರೆ 2020ರಲ್ಲಿ ಪ್ರಕಟವಾದ ದಕ್ಷಿಣ ಕೊರಿಯಾದ ಅಧ್ಯಯನವೊಂದರಲ್ಲಿ, ಬಿಪಿ ಇರುವವರು ಮೂಗಿನ ರಕ್ತಸ್ರಾವಕ್ಕಾಗಿ ಆಸ್ಪತ್ರೆಗೆ ಹೋಗಬೇಕಾಗಿ ಬರುವ ಸಾಧ್ಯತೆ ಇತರರಿಗಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು ಎಂದು ಕಂಡುಬಂದಿದೆ. ಬಿಪಿ ಹತೋಟಿಯಲ್ಲಿಲ್ಲದಿದ್ದರೆ ಆರಂಭವಾದ ರಕ್ತ ನಿಲ್ಲುವುದೂ ಕಷ್ಟ. ಹೀಗಾಗಿ ಮಾತ್ರೆ ಬಿಡುವುದು ತೊಂದರೆಗೆ ಪರಿಹಾರವಾಗುವ ಬದಲು ಅದನ್ನು ಹೆಚ್ಚಿಸಬಹುದು.

ಮುಂಬೈನ ಹವೆಯೂ ಕಾರಣ

ವರ್ಷದ ಬಹುಪಾಲು ತೇವವಿರುವ ಮುಂಬೈನಲ್ಲಿ ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಗಾಳಿ ಒಣಗುತ್ತದೆ. ಕಟ್ಟಡ ಕಾಮಗಾರಿಯ ಧೂಳು, ವಾಹನಗಳ ಹೊಗೆಯೂ ಹೆಚ್ಚು ಕಾಡುವುದು ಆಗಲೇ. ಇಡೀ ದಿನ ಎಸಿ ಕಚೇರಿಯಲ್ಲಿ ಕೂರುವವರಿಗೂ ಮೂಗು ಒಣಗುತ್ತದೆ. ಮಳೆಗಾಲದಲ್ಲಿ ಜ್ವರದ ಜೊತೆ ಮೂಗಿನಿಂದ ರಕ್ತ ಬಂದರೆ ಡೆಂಗಿ ಇರಬಹುದು. ಆಗ ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳನ್ನು ತಾವಾಗಿ ನುಂಗದೆ ಅಂದೇ ವೈದ್ಯರನ್ನು ಕಾಣಬೇಕು.

ತಕ್ಷಣ ಏನು ಮಾಡಬೇಕು?

* ನೆಟ್ಟಗೆ ಕುಳಿತು ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ. ಹಿಂದಕ್ಕೆ ಚಾಚಿದರೆ ರಕ್ತ ಗಂಟಲಿಗೆ ಇಳಿದು ವಾಂತಿಯಾಗಬಹುದು.
* ಮೂಗಿನ ಮೆತ್ತಗಿನ ಭಾಗವನ್ನು ಹೆಬ್ಬೆರಳು, ತೋರುಬೆರಳಿನಿಂದ 10ರಿಂದ 15 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಡುವೆ ಬಿಟ್ಟು ನೋಡಬೇಡಿ. ಬಾಯಿಯಿಂದ ಉಸಿರಾಡಿ.
* ಬಾಯಿಗೆ ಬಂದ ರಕ್ತ ಉಗುಳಿ, ನುಂಗಬೇಡಿ.
* ರಕ್ತ ನಿಂತು ಸ್ವಲ್ಪ ಹೊತ್ತು ಸುಧಾರಿಸಿಕೊಂಡ ಬಳಿಕ ಬಿಪಿ ಅಳೆದು ಬರೆದಿಡಿ. ಗಾಬರಿಯಲ್ಲಿ ಅಳೆದರೆ ಸಂಖ್ಯೆ ಹೆಚ್ಚೇ ತೋರಿಸುತ್ತದೆ.
* ಒಂದು ದಿನ ಮೂಗು ಸೀನುವುದು, ಬೆರಳು ಹಾಕುವುದು, ಭಾರ ಎತ್ತುವುದು ಬೇಡ.

ಆಸ್ಪತ್ರೆಗೆ ಯಾವಾಗ?

20 ನಿಮಿಷ ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಗಂಟಲಿಗೆ ಧಾರೆಯಾಗಿ ಇಳಿಯುತ್ತಿದ್ದರೆ, ತಲೆಸುತ್ತು, ಎದೆನೋವು, ಉಸಿರಾಟದ ತೊಂದರೆ ಇದ್ದರೆ ಅಥವಾ ರಕ್ತ ತೆಳುಗೊಳಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದು ರಕ್ತ ಜೋರಾಗಿದ್ದರೆ ತಡಮಾಡಬೇಡಿ. ಮಾತು ತೊದಲಿದರೆ, ಕೈಕಾಲು ಸೋತರೆ ಅದು ಪಾರ್ಶ್ವವಾಯು ಇರಬಹುದು. ಮಹಾರಾಷ್ಟ್ರದಲ್ಲಿ ಆಂಬುಲೆನ್ಸ್‌ಗೆ 108 ಸಂಖ್ಯೆಗೆ ಕರೆ ಮಾಡಬಹುದು. ಪರೇಲ್‌ನ ಕೆಇಎಂ, ಮುಂಬೈ ಸೆಂಟ್ರಲ್‌ನ ನಾಯರ್, ಸಯನ್ ಆಸ್ಪತ್ರೆ, ಪಶ್ಚಿಮ ಉಪನಗರದವರಿಗೆ ಕೂಪರ್ ಆಸ್ಪತ್ರೆ ಇವೆಲ್ಲ ಮಹಾನಗರ ಪಾಲಿಕೆಯ ದೊಡ್ಡ ಆಸ್ಪತ್ರೆಗಳು. ಬಿಪಿ ತಪಾಸಣೆಗೆ ಪಾಲಿಕೆಯ 'ಆಪ್ಲಾ ದವಾಖಾನೆ'ಗಳೂ ಇವೆ.

ಮಾತ್ರೆ ಬಿಟ್ಟರೆ ಏನಾಗುತ್ತದೆ?

ಅಟೆನೊಲಾಲ್, ಮೆಟೊಪ್ರೊಲಾಲ್, ಕ್ಲೋನಿಡಿನ್ ಮಾತ್ರೆಗಳನ್ನು ಏಕಾಏಕಿ ನಿಲ್ಲಿಸಿದರೆ ಬಿಪಿ, ಎದೆಬಡಿತ ದಿಢೀರನೆ ಏರಬಹುದು. ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್ ಅಥವಾ ಕ್ಲೋಪಿಡೊಗ್ರೆಲ್ ಬಿಟ್ಟರೆ ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗುವ ಭಯವಿದೆ. ರಕ್ತ ಪದೇಪದೇ ಬರುತ್ತಿದ್ದರೆ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಸ್ಟ್ರಿಪ್ ಮತ್ತು ಬಿಪಿ ಬರೆದಿಟ್ಟ ಚೀಟಿಯನ್ನು ವೈದ್ಯರಿಗೆ ತೋರಿಸಿ. ಮಾತ್ರೆ ಬದಲಿಸಬೇಕೇ, ಪ್ರಮಾಣ ಇಳಿಸಬೇಕೇ ಎಂಬುದನ್ನು ಅವರೇ ತೀರ್ಮಾನಿಸಲಿ.

(ಈ ಲೇಖನ ಸಾಮಾನ್ಯ ಮಾಹಿತಿಗಾಗಿ ಮಾತ್ರ. ಚಿಕಿತ್ಸೆಗೆ ನಿಮ್ಮ ವೈದ್ಯರ ಸಲಹೆ ಪಡೆಯಿರಿ.)