ನಮ್ಮ ತಂಡ ಯಾವುದು?

ಬನಹಟ್ಟಿಯ ನೇಕಾರರ ಓಣಿಯಲ್ಲಿ ಬೆಳೆದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾನೆ. ಕಳೆದ ತಿಂಗಳು ಅವನ ದೂರವಾಣಿ ಬಂದಿತ್ತು. "ಸರ್, ಇಲ್ಲಿ ಮಂದಿಗೆ ಬೇಸ್‌ಬಾಲ್ ಅಂದ್ರ ಹುಚ್ಚರೀ. ನಮ್ಮ ಹುಡುಗನೂ ಅದನ್ನ ಹಿಡಕೊಂಡು ಕುಂತಾನ. ನ್ಯೂಯಾರ್ಕ್ ಯಾಂಕೀಸ್ ಅನ್ನೋ ತಂಡ 1949ರಿಂದ 1953ರ ತನಕಾ ಸಾಲಾಗಿ ಐದು ವರ್ಷ ಗೆದ್ದಿತ್ತಂತ. ಜಗತ್ತಿನ್ಯಾಗ ಇಂಥಾದ್ದು ಎಲ್ಲೂ ಆಗಿಲ್ಲ ಅಂತ ವಾದಾ ಮಾಡ್ತಾನ. ನೀವೇನಂತೀರಿ?" ಎಂದು ಕೇಳಿದ.

ಬೇಬ್ ರುತ್ ಎಂಬ ಹೆಸರೊಂದನ್ನು ಬಿಟ್ಟರೆ ಬೇಸ್‌ಬಾಲ್ ವಿಷಯದಲ್ಲಿ ನನ್ನ ಜ್ಞಾನ ಶೂನ್ಯ. ಆದರೂ ಮೇಷ್ಟ್ರ ಬುದ್ಧಿ ಸುಮ್ಮನಿರಗೊಡಲಿಲ್ಲ. "ಹದಿನೈದು ವರ್ಷ ಸಾಲಾಗಿ ಗೆದ್ದ ತಂಡ ನಮ್ಮಲ್ಲಿತ್ತು ಅಂತ ಹೇಳು ನಿನ್ನ ಮಗನಿಗೆ. ಅದನ್ನು ಕೆಡವಿದವರೂ ನಮ್ಮವರೇ" ಎಂದೆ. ಮಾತು ಮುಗಿದು ಫೋನ್ ಇಟ್ಟ ಮೇಲೆ ಒಂದು ಸಂಗತಿ ಕೊರೆಯತೊಡಗಿತು. ಗೆದ್ದದ್ದು ಮುಂಬಯಿ ತಂಡ, ಕೆಡವಿದ್ದು ಕರ್ನಾಟಕ ತಂಡ. ಎರಡನ್ನೂ "ನಮ್ಮ" ಎಂದು ಕರೆದುಬಿಟ್ಟಿದ್ದೆ. ಬೆಂಗಳೂರಿನವನು ಹೀಗೆ ಹೇಳಲಾರ, ಮುಂಬಯಿಯವನೂ ಹೇಳಲಾರ. ಜಮಖಂಡಿ ಸೀಮೆಯವನು ಮಾತ್ರ ಹೇಳಿಯಾನು. ಏಕೆಂಬುದನ್ನು ಸ್ವಲ್ಪ ವಿವರಿಸುವೆ.

ಇಂದಿನ ಮಕ್ಕಳಿಗೆ ಇದು ಸೋಜಿಗವೆನಿಸಬಹುದು: ರಬಕವಿ ಮತ್ತು ಬನಹಟ್ಟಿ ಇಂದು ಒಂದೇ ನಗರಸಭೆಗೆ ಸೇರಿದ ಜೋಡಿ ಊರುಗಳು; ಆದರೆ ಸ್ವಾತಂತ್ರ್ಯಕ್ಕೆ ಮೊದಲು ಎರಡು ಬೇರೆ ಬೇರೆ ರಾಜ್ಯಗಳಲ್ಲಿದ್ದವು. ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು, ರಬಕವಿ ಸಾಂಗ್ಲಿ ಸಂಸ್ಥಾನಕ್ಕೆ. ಎರಡೂ ಕಡೆ ಆಳುತ್ತಿದ್ದವರು ಪಟವರ್ಧನ ಮನೆತನದವರೇ. ಮುಧೋಳದಲ್ಲಿ ಘೋರ್ಪಡೆಯವರು. ಬೀಳಗಿ ಮಾತ್ರ ಬ್ರಿಟಿಷರ ನೇರ ಆಡಳಿತದ ವಿಜಾಪುರ ಜಿಲ್ಲೆಯಲ್ಲಿತ್ತು. 1948ರಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಬಂದೆವು. ಕಾಲೇಜು ಕಲಿಯುವ ಹುಡುಗರು ಅದುವರೆಗೆ ಸಾಂಗ್ಲಿಯ ವಿಲಿಂಗ್ಡನ್ ಕಾಲೇಜಿಗೆ ಇಲ್ಲವೆ ಪುಣೆಗೆ ಹೋಗುತ್ತಿದ್ದರು. ನೂಲು, ಸೀರೆಗಳ ವ್ಯಾಪಾರವೂ ಸೊಲ್ಲಾಪುರ, ಮುಂಬಯಿಗಳ ಕಡೆಗೇ. ಹೀಗಿರುವಾಗ ಕ್ರಿಕೆಟ್ಟಿನ ಅಭಿಮಾನ ಬೆಂಗಳೂರಿನ ಕಡೆಗೆ ಹೇಗೆ ತಿರುಗೀತು?

ನನ್ನ ಬಾಲ್ಯದಲ್ಲಿ ನಮ್ಮ ಓಣಿಯಲ್ಲಿ ರಬಕವಿ ಮೂಲದ ನೂಲಿನ ವ್ಯಾಪಾರಿಯೊಬ್ಬರಿದ್ದರು. ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆವು. ನಾವು ನೂಲಿನ ಚಿಂದಿ ಸುತ್ತಿದ ಚೆಂಡು, ಹುಣಸೆ ಕಟ್ಟಿಗೆಯ ಬ್ಯಾಟು ಹಿಡಿದು ಆಡುತ್ತಿದ್ದರೆ ಕಟ್ಟೆಯ ಮೇಲೆ ಕುಳಿತು ನೋಡುವರು. ಸಂಜೆ ಅವರದೊಂದು ಹಳೆಯ ಕಥೆ ಇದ್ದೇ ಇರುತ್ತಿತ್ತು. 1943ರಲ್ಲಿ ವ್ಯಾಪಾರಕ್ಕೆಂದು ಮುಂಬಯಿಗೆ ಹೋದವರು ಬ್ರೆಬೋರ್ನ್ ಕ್ರೀಡಾಂಗಣದಲ್ಲಿ ಪೆಂಟ್ಯಾಂಗ್ಯುಲರ್ ಪಂದ್ಯಾವಳಿಯ ಅಂತಿಮ ಪಂದ್ಯ ನೋಡಿದ ಕಥೆ. ಹಿಂದೂ ತಂಡದ ಎದುರು "ರೆಸ್ಟ್" ಎಂಬ ತಂಡ. ಅದರ ಎರಡನೆಯ ಇನ್ನಿಂಗ್ಸಿನಲ್ಲಿ ಒಟ್ಟು 387 ರನ್. ಅದರಲ್ಲಿ ವಿಜಯ ಹಜಾರೆ ಒಬ್ಬರದೇ 309! ತಮ್ಮ ವಿವೇಕ ಹಜಾರೆಯೊಂದಿಗೆ 300 ರನ್ನುಗಳ ಜೊತೆಯಾಟವಾಡಿದರು. ಆ ತಮ್ಮನ ಪಾಲು ಬರಿಯ 21. ಅಷ್ಟಾದರೂ ತಂಡ ಸೋತಿತು. "ಸಾಂಗ್ಲ್ಯಾಗ ಹುಟ್ಟಿದಂವಾ ಹಜಾರೆ. ನಾನೂ ಅಂವಾ ಒಬ್ಬ ರಾಜಾನ ಪ್ರಜಾ ನೋಡೋ ತಮ್ಮಾ" ಎನ್ನುವಾಗ ಕಾಕಾ ಅವರ ಮುಖ ನೋಡಬೇಕಿತ್ತು.

ಅವರ ಮಾತು ಅಕ್ಷರಶಃ ನಿಜ. ಹಜಾರೆ 1915ರ ಮಾರ್ಚ್ 11ರಂದು ಸಾಂಗ್ಲಿಯಲ್ಲಿ ಜನಿಸಿದರು. ತಂದೆ ಶಾಲಾಶಿಕ್ಷಕರು, ಎಂಟು ಮಕ್ಕಳ ಸಂಸಾರ. (ಶಿಕ್ಷಕನ ಮಗ ಎಂಬುದಕ್ಕೆ ನನಗೆ ತುಸು ಹೆಚ್ಚಿನ ಅಭಿಮಾನ, ಓದುಗರು ಕ್ಷಮಿಸಬೇಕು.) ವಿಜಾಪುರಕ್ಕೆ ಹತ್ತಿರದ ಜತ್ತ ಸಂಸ್ಥಾನದ ರಾಜರಿಗೆ ಕ್ರಿಕೆಟ್ಟಿನ ಗೀಳು. ಅವರು 1930ರ ದಶಕದ ಕೊನೆಯಲ್ಲಿ ಕ್ಲಾರಿ ಗ್ರಿಮೆಟ್ ಎಂಬ ಆಸ್ಟ್ರೇಲಿಯಾದ ಬೌಲರನನ್ನು ತರಬೇತಿಗೆಂದು ಕರೆಸಿಕೊಂಡಿದ್ದರು. ಗ್ರಿಮೆಟ್ ಸಾಮಾನ್ಯನಲ್ಲ, ಟೆಸ್ಟ್ ಪಂದ್ಯಗಳಲ್ಲಿ 200 ವಿಕೆಟ್ ಪಡೆದ ಪ್ರಪಂಚದ ಮೊದಲ ಬೌಲರ್. ಅಂಥವನು ಕನ್ನಡ, ಮರಾಠಿಗಳೆರಡೂ ಕಿವಿಗೆ ಬೀಳುವ ಆ ಬರಗಾಲದ ಸೀಮೆಯಲ್ಲಿ ಬಂದು ಹಜಾರೆಗೆ ಪಾಠ ಹೇಳಿದ. ಹಜಾರೆ ಬ್ಯಾಟು ಹಿಡಿಯುವ ರೀತಿ ವಿಚಿತ್ರವಾಗಿತ್ತು. ಅದನ್ನು ಬದಲಿಸಬೇಡವೆಂದೇ ಗ್ರಿಮೆಟ್ ಹೇಳಿದನಂತೆ. ಮೂವತ್ತು ವರ್ಷ ಪಾಠ ಮಾಡಿದ ನನಗೆ ಆ ವಿವೇಕ ಎಷ್ಟು ವಿರಳ ಎಂಬುದು ಗೊತ್ತು. ಎಡಗೈಯಲ್ಲಿ ಬರೆಯುವ ಮಕ್ಕಳ ಕೈಗೆ ಪೆಟ್ಟು ಕೊಡುತ್ತಿದ್ದ ಕಾಲ ಅದು.

ಆಗಿನ ಮಹಾರಾಷ್ಟ್ರ ತಂಡದ ನಾಯಕರು ಪ್ರೊಫೆಸರ್ ದಿ. ಬ. ದೇವಧರ. ಪುಣೆಯ ಕಾಲೇಜಿನಲ್ಲಿ ಸಂಸ್ಕೃತ ಬೋಧಿಸುತ್ತಿದ್ದವರು. ಅವರ ನೇತೃತ್ವದಲ್ಲಿ ಮಹಾರಾಷ್ಟ್ರ 1939-40 ಮತ್ತು 1940-41ರಲ್ಲಿ ಸತತ ಎರಡು ಬಾರಿ ರಣಜಿ ಟ್ರೋಫಿ ಗೆದ್ದಿತು. ಹಜಾರೆ ಬರೋಡಾದ ವಿರುದ್ಧ ಔಟಾಗದೆ 316 ರನ್ ಹೊಡೆದದ್ದು ಮೊದಲನೆಯ ಋತುವಿನಲ್ಲಿ. ಎರಡನೆಯ ಋತುವಿನಲ್ಲಿ ಪುಣೆಯಲ್ಲಿ ಮುಂಬಯಿಯೊಡನೆ ನಡೆದ ಪಂದ್ಯವಂತೂ ಪುರಾಣಸದೃಶ. ಮಹಾರಾಷ್ಟ್ರ 675, ಮುಂಬಯಿ 650! ದೇವಧರರ ಪಾಲು 246. ಆಗ ಅವರಿಗೆ ಐವತ್ತು ಹತ್ತಿರವಾಗಿತ್ತು. ಮುಂದೆ 1944ರಲ್ಲಿ, 52ರ ವಯಸ್ಸಿನಲ್ಲಿ, ಒಂದೇ ಪಂದ್ಯದ ಎರಡೂ ಇನ್ನಿಂಗ್ಸುಗಳಲ್ಲಿ ಶತಕ ಹೊಡೆದರು. ನಿವೃತ್ತಿಯ ಅಂಚಿನಲ್ಲಿರುವ ಸಂಸ್ಕೃತ ಮೇಷ್ಟ್ರೊಬ್ಬರು ಹೀಗೆ ಆಡಿದರೆಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಯಾರೂ ನಂಬುತ್ತಿರಲಿಲ್ಲ.

ಹಜಾರೆ ಬಳಿಕ ಬರೋಡಾಕ್ಕೆ ಹೋಗಿ ಅಲ್ಲಿಯವರೇ ಆದರು. 1946-47ರ ರಣಜಿ ಅಂತಿಮ ಪಂದ್ಯದಲ್ಲಿ ಹೋಳ್ಕರ್ ತಂಡದ ವಿರುದ್ಧ ಗುಲ್ ಮಹಮ್ಮದ್ ಅವರೊಂದಿಗೆ 577 ರನ್ ಸೇರಿಸಿದರು. 1948ರ ಜನವರಿಯಲ್ಲಿ ಅಡಿಲೇಡಿನಲ್ಲಿ ಬ್ರಾಡ್ಮನ್ ತಂಡದ ಎದುರು ಎರಡೂ ಇನ್ನಿಂಗ್ಸಿನಲ್ಲಿ ಶತಕ: 116 ಮತ್ತು 145. 1952ರ ಫೆಬ್ರವರಿಯಲ್ಲಿ ಮದರಾಸಿನಲ್ಲಿ ಭಾರತ ಮೊಟ್ಟಮೊದಲ ಟೆಸ್ಟ್ ಗೆದ್ದಾಗ ನಾಯಕರೂ ಅವರೇ.

ಇತ್ತ ಮೈಸೂರು ತಂಡದ ಕಥೆ ಬೇರೆ. ರಣಜಿಯ ಮೊಟ್ಟಮೊದಲ ಪಂದ್ಯ ಆಡಿದ ತಂಡಗಳಲ್ಲಿ ಅದೂ ಒಂದು. 1934ರ ನವೆಂಬರಿನಲ್ಲಿ ಮದರಾಸಿನ ಎದುರು ಒಂದೇ ದಿನದಲ್ಲಿ ಸೋತಿತು. 1941-42ರ ಫೈನಲಿನಲ್ಲಿ ಮುಂಬಯಿಗೆ ಸೋತಿತು, 1959-60ರ ಫೈನಲಿನಲ್ಲಿ ಮತ್ತೆ ಮುಂಬಯಿಗೇ. ಆ ಹೊತ್ತಿಗೆ ಮುಂಬಯಿಯ ಅಶ್ವಮೇಧ ಶುರುವಾಗಿತ್ತು. 1958-59ರಿಂದ 1972-73ರವರೆಗೆ ಸತತ ಹದಿನೈದು ವರ್ಷ ಟ್ರೋಫಿ ಅವರ ಮನೆ ಬಿಟ್ಟು ಕದಲಲಿಲ್ಲ. ಹದಿನೈದನೆಯ ಸಲವಂತೂ ತಮಿಳುನಾಡಿನ ವಿರುದ್ಧದ ಫೈನಲನ್ನು ಮೂರನೆಯ ದಿನದ ಮೊದಲ ಚೆಂಡಿಗೇ ಮುಗಿಸಿಬಿಟ್ಟರು.

ನಾವು 1956ರಲ್ಲೇ ಮೈಸೂರು ರಾಜ್ಯದವರಾಗಿದ್ದೆವಲ್ಲ, ಅಭಿಮಾನ ಏಕೆ ಬದಲಾಗಲಿಲ್ಲ? ನನ್ನ ತಿಳಿವಳಿಕೆಯಲ್ಲಿ ಇದಕ್ಕೆ ಕಾರಣ ಹೆಸರು. "ಮೈಸೂರು" ಎಂದರೆ ನಮ್ಮ ಕಡೆಯವರಿಗೆ ಬೇರೊಬ್ಬ ಅರಸರ ಊರು, ದಸರೆಯ ಚಿತ್ರದಲ್ಲಿ ಕಾಣುವಂಥದು. ಅದು ಗೆದ್ದರೆ ಸಂತೋಷ, ಸೋತರೆ ನಿದ್ರೆಗೆಡುವ ಕಾರಣವಿಲ್ಲ. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂದು ನಾಮಕರಣವಾಯಿತು. ಅದೇ ಋತುವಿನಲ್ಲಿ ತಂಡವೂ ಕರ್ನಾಟಕ ಎಂಬ ಹೆಸರಿನಲ್ಲಿ ಆಡಿತು. ಐದು ತಿಂಗಳೊಳಗೆ, 1974ರ ಮಾರ್ಚಿನಲ್ಲಿ, ಬೆಂಗಳೂರಿನಲ್ಲಿ ಸೆಮಿಫೈನಲ್. ಎದುರಾಳಿ ಮುಂಬಯಿ.

ನಾನಾಗ ಹೈಸ್ಕೂಲು ಹುಡುಗ. ಹುಬ್ಬಳ್ಳಿಯ ಸಂಯುಕ್ತ ಕರ್ನಾಟಕ ಪತ್ರಿಕೆ ಬಸ್ಸಿನಲ್ಲಿ ಬರುತ್ತಿತ್ತು. ಕಟ್ಟು ಬಿಚ್ಚುವ ಮೊದಲೇ ಸುತ್ತ ಹುಡುಗರ ಗುಂಪು. ಮೊದಲ ಸುದ್ದಿ ಅಮೃತದಂತಿತ್ತು. ಕರ್ನಾಟಕ 385, ಗುಂಡಪ್ಪ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಆದರೆ ಮುಂಬಯಿಯ ಕಡೆ ಗಾವಸ್ಕರ್, ನಾಯಕ ಅಜಿತ್ ವಾಡೇಕರ್, ಅಶೋಕ್ ಮಂಕಡ್ ಇದ್ದರು. 385 ಅವರಿಗೊಂದು ಲೆಕ್ಕವೇ? ಕಾಕಾ ಪತ್ರಿಕೆಯನ್ನು ಮಡಿಚಿ ನಕ್ಕರು: "ನಾಳೆ ನೋಡ್ರೋ."

ಮರುದಿನ ಪ್ರಸನ್ನರ ಚೆಂಡು ಗಾವಸ್ಕರರ ವಿಕೆಟ್ ಉರುಳಿಸಿತು. ನಮ್ಮ ರಾಜ್ಯದ ಹಿರಿಯ ಅಭಿಮಾನಿಗಳು ಇಂದಿಗೂ ಆ ಒಂದು ಚೆಂಡಿನ ಬಗ್ಗೆ ಗಂಟೆಗಟ್ಟಲೆ ಮಾತನಾಡುತ್ತಾರೆ. ಆಮೇಲೆ ವಾಡೇಕರ್ ಚೆನ್ನಾಗಿ ನೆಲೆಯೂರಿ 62 ತಲುಪಿದ್ದರು. ಪಂದ್ಯ ಕೈತಪ್ಪುವಂತಿತ್ತು. ರನ್ನಿಗಾಗಿ ಓಡುವಾಗ ಕಾಲು ಜಾರಿ ರನ್ ಔಟ್ ಆದರು. ಹದಿನೈದು ವರ್ಷಗಳ ಕೋಟೆಯೊಂದು ಬಿರುಕು ಬಿಟ್ಟದ್ದು ಇಷ್ಟರಿಂದ! ಪ್ರಸನ್ನರಿಗೆ ಐದು, ಚಂದ್ರಶೇಖರರಿಗೆ ನಾಲ್ಕು ವಿಕೆಟ್. ಮುಂಬಯಿ 307ಕ್ಕೆ ಮುಗಿಯಿತು. ಪಂದ್ಯ ಪೂರ್ಣಗೊಳ್ಳದಿದ್ದರೂ 78 ರನ್ನುಗಳ ಮುನ್ನಡೆ ಸಾಕಿತ್ತು. ಮುಂದೆ ಜೈಪುರದ ಫೈನಲಿನಲ್ಲಿ ರಾಜಸ್ಥಾನವನ್ನು 185 ರನ್ನುಗಳಿಂದ ಸೋಲಿಸಿ ಕರ್ನಾಟಕ ಮೊದಲ ಬಾರಿ ರಣಜಿ ಟ್ರೋಫಿ ಎತ್ತಿತು.

ಆ ತಂಡದ ಬಗ್ಗೆ ಎರಡು ಮಾತು. ನಾಯಕ ಪ್ರಸನ್ನ ಇಂಜಿನಿಯರಿಂಗ್ ಓದು ಮುಗಿಸಲೆಂದು ಟೆಸ್ಟ್ ಕ್ರಿಕೆಟ್ಟಿನಿಂದ ಸುಮಾರು ಐದು ವರ್ಷ ದೂರವಿದ್ದು ಮರಳಿದವರು. ಚಂದ್ರಶೇಖರರ ಬಲಗೈಗೆ ಬಾಲ್ಯದಲ್ಲಿ ಪೋಲಿಯೊ ತಗುಲಿತ್ತು. ಆ ಕೈಯಿಂದಲೇ ಜಗತ್ತನ್ನು ನಡುಗಿಸಿದರು. ವಿಶ್ವನಾಥ್ ಭದ್ರಾವತಿಯವರು. ಬ್ರಿಜೇಶ್ ಪಟೇಲ್ ಹುಟ್ಟಿದ್ದು ಬರೋಡಾದಲ್ಲಿ, ವಿಕೆಟ್ ಕೀಪರ್ ಕಿರ್ಮಾನಿ ಹುಟ್ಟಿದ್ದು ಮದರಾಸಿನಲ್ಲಿ. ತಂಡದ ತಾರೆಯರಲ್ಲಿ ತುಂಗಭದ್ರೆಯ ಆಚೆಯ ನಮ್ಮ ಸೀಮೆಯವನೊಬ್ಬನೂ ಇರಲಿಲ್ಲ. ಇದನ್ನು ಅಂದು ನಾವಾರೂ ಗಮನಿಸಲಿಲ್ಲ ಎಂಬುದು ಇಂದು ನನಗೆ ಆಶ್ಚರ್ಯ. ತಂಡದ ಹೆಸರಿನಲ್ಲಿ ನಾವಿದ್ದೆವು, ಅಷ್ಟೇ ಸಾಕಾಗಿತ್ತು.

ಮುಂಬಯಿ ಸೋತ ಸುದ್ದಿ ಹಿಡಿದು ನಾವು ಹುಡುಗರು ಕಾಕಾ ಅವರ ಕಟ್ಟೆಗೆ ಓಡಿದೆವು. ಅಣಕಿಸಬೇಕೆಂದೇ ಹೋಗಿದ್ದೆವು. ಅವರು ಪತ್ರಿಕೆಯನ್ನು ಎರಡು ಸಲ ಓದಿದರು. "ನಮ್ಮ ಮುಂಬೈ ಸೋತಿತಲ್ಲೋ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಸೋತದ್ದು ಯಾರಿಗೆ? ಮನಿಯವರಿಗೇ" ಎನ್ನುತ್ತ ಒಳಗೆ ಹೋಗಿ ಎಲ್ಲರಿಗೂ ಬೆಲ್ಲ ಶೇಂಗಾ ತಂದುಕೊಟ್ಟರು. ಅಣಕಿಸುವ ಮಾತು ಯಾರ ಬಾಯಿಂದಲೂ ಹೊರಡಲಿಲ್ಲ.

ನಮ್ಮ ಉತ್ತರದವರು ತಂಡದ ಒಳಗೆ ಕಾಲಿಡಲು ಇನ್ನೂ ಕಾಯಬೇಕಾಯಿತು. ಮೈದಾನ, ಮ್ಯಾಟು, ತರಬೇತುದಾರ, ಆಯ್ಕೆದಾರರು ಎಲ್ಲ ಇದ್ದದ್ದು ಬೆಂಗಳೂರಿನಲ್ಲಿ. ಪ್ರತಿಭೆಯುಳ್ಳ ಎಷ್ಟೋ ಹುಡುಗರು ಎಸ್ಸೆಸ್ಸೆಲ್ಸಿ ಮುಗಿಸಿ ಮಗ್ಗಕ್ಕೋ ಕಬ್ಬಿನ ಹೊಲಕ್ಕೋ ಹೋದದ್ದನ್ನು ನಾನೇ ಕಂಡಿದ್ದೇನೆ. ಗದಗಿನ ಸುನೀಲ್ ಜೋಶಿ ಬೆಳಗಾಗೆದ್ದು ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಮತ್ತೆ ಶಾಲೆಯ ಹೊತ್ತಿಗೆ ಊರಿಗೆ ಮರಳುತ್ತಿದ್ದ ಕಥೆ ಪ್ರಸಿದ್ಧವಾಗಿದೆ. 1995-96ರಲ್ಲಿ ಕರ್ನಾಟಕ ರಣಜಿ ಗೆದ್ದಾಗ ಅವರು ಒಂದೇ ಋತುವಿನಲ್ಲಿ ಐನೂರಕ್ಕೂ ಹೆಚ್ಚು ರನ್, ಐವತ್ತಕ್ಕೂ ಹೆಚ್ಚು ವಿಕೆಟ್ ಗಳಿಸಿದ್ದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಎದುರು ಹತ್ತು ಓವರುಗಳಲ್ಲಿ ಕೇವಲ ಆರು ರನ್ ಕೊಟ್ಟು ಐದು ವಿಕೆಟ್ ಕಿತ್ತರು. ಅಂದು ನಮ್ಮ ಸ್ಟಾಫ್ ರೂಮಿನಲ್ಲಿ ಮುಖ್ಯೋಪಾಧ್ಯಾಯರೇ ಚಹಾ ತರಿಸಿದ್ದರು.

ಹಜಾರೆ 2004ರ ಡಿಸೆಂಬರಿನಲ್ಲಿ ವಡೋದರಾದಲ್ಲಿ ತೀರಿಕೊಂಡರು. ಅವರ ಹೆಸರಿನ ಏಕದಿನ ಟ್ರೋಫಿಯನ್ನು ಕರ್ನಾಟಕ 2025ರ ಜನವರಿಯಲ್ಲಿ ಐದನೆಯ ಬಾರಿ ಗೆದ್ದಿತು. ಫೈನಲ್ ನಡೆದದ್ದು ಅದೇ ವಡೋದರಾದಲ್ಲಿ. ಕಾಕಾ ಇದ್ದಿದ್ದರೆ ಇದಕ್ಕೊಂದು ಅರ್ಥ ಹಚ್ಚುತ್ತಿದ್ದರು. ಅವರು ತೀರಿ ಬಹಳ ವರ್ಷಗಳಾದವು. "ಮುಂಬಯಿ ಕರ್ನಾಟಕ" ಎಂಬ ಹೆಸರೂ 2021ರಲ್ಲಿ ಹೋಗಿ ನಾವು "ಕಿತ್ತೂರು ಕರ್ನಾಟಕ" ಆಗಿದ್ದೇವೆ.

ನನ್ನ ವಿದ್ಯಾರ್ಥಿಯ ಮಗನಿಗೆ ಇನ್ನೊಂದು ಹೆಸರನ್ನೂ ಹೇಳಿ ಕಳಿಸಿದ್ದೇನೆ: ರಾಜೇಶ್ವರಿ ಗಾಯಕವಾಡ. ವಿಜಯಪುರದ ಹೆಣ್ಣುಮಗಳು, ಎಡಗೈ ಸ್ಪಿನ್ನರ್. 1997ರಲ್ಲಿ ಬಾಗಲಕೋಟೆ ಬೇರೆಯಾಗುವವರೆಗೆ ನಮ್ಮದೂ ಅದೇ ಜಿಲ್ಲೆ. 2017ರ ಜುಲೈ 15ರಂದು ಇಂಗ್ಲೆಂಡಿನ ಡರ್ಬಿಯಲ್ಲಿ ವಿಶ್ವಕಪ್ ಪಂದ್ಯ. ನ್ಯೂಜಿಲೆಂಡನ್ನು ಸೋಲಿಸಿದರೆ ಮಾತ್ರ ಸೆಮಿಫೈನಲ್. ಆ ಪಂದ್ಯಾವಳಿಯಲ್ಲಿ ಆಕೆಗೆ ಅದೇ ಮೊದಲ ಪಂದ್ಯ. 15 ರನ್ನಿಗೆ 5 ವಿಕೆಟ್. ಎದುರಾಳಿಗಳು 79ಕ್ಕೆ ಸರ್ವಪತನ. ನಾನಾಗ ಇನ್ನೂ ಸೇವೆಯಲ್ಲಿದ್ದೆ. ಸೋಮವಾರ ಶಾಲೆಗೆ ಹೋದಾಗ ಮೈದಾನದ ಮೂಲೆಯಲ್ಲಿ ಒಂಬತ್ತನೆಯ ತರಗತಿಯ ನಾಲ್ವರು ಹುಡುಗಿಯರು ಎಡಗೈಯಿಂದ ಚೆಂಡು ಎಸೆಯುವುದನ್ನು ಕಲಿಯುತ್ತಿದ್ದರು. ಅವರಲ್ಲಿ ನಿಜವಾಗಿ ಎಡಚಿ ಇದ್ದವಳು ಒಬ್ಬಳೇ.