ಬಯಲುಸೀಮೆಯ ಬೇಟೆ ಮತ್ತು ತೋಟೆಯ ಆಯ್ಕೆ: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ತಂದೆತಾಯಿಗಳ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು ಎಂಬ ಬೋಧೆ ಅವುಗಳಲ್ಲಿದೆ. ಅದೇ ಬಂಡೆಗಳ ಸುತ್ತಲಿನ ನೆಲ ಮುಂದೆ ಬೇಡ ನಾಯಕರ ಸೀಮೆಯಾಯಿತು. ಹುಲಿಯೊಡನೆ ಕಾದಾಡಿದ ಗಾದ್ರಿಪಾಲನಾಯಕನನ್ನು ಮ್ಯಾಸಬೇಡರು ಇಂದಿಗೂ ದೈವವೆಂದು ಪೂಜಿಸುತ್ತಾರೆ. ಇಲ್ಲಿನ ಬೇಟೆಯ ಬಗ್ಗೆ ಕಥನಗಳಿವೆ, ವೀರಗಲ್ಲುಗಳಿವೆ. ಆದರೆ ಕೋವಿ ಬಂದ ಮೇಲೆ ಬೇಟೆಗಾರ ಅದಕ್ಕೆ ಯಾವ ತೋಟೆ ಹಾಕುತ್ತಿದ್ದ, ಅದನ್ನೇ ಏಕೆ ಹಾಕುತ್ತಿದ್ದ ಎಂಬುದನ್ನು ನಮ್ಮ ಸ್ಥಳೀಯ ಇತಿಹಾಸ ಅಷ್ಟಾಗಿ ಕೈಗೆತ್ತಿಕೊಂಡಿಲ್ಲ. ಈ ಸೀಮೆಯ ಮಟ್ಟಿಗೆ ತೋಟೆಯನ್ನು ಮೊದಲು ಗೊತ್ತುಮಾಡಿದ್ದು ಸರ್ಕಾರದ ಕಾನೂನು, ಪ್ರಾಣಿಯ ಮೈಕಟ್ಟು ಲೆಕ್ಕಕ್ಕೆ ಬಂದದ್ದು ಆಮೇಲೆ ಎಂಬುದು ಈ ಲೇಖನದ ವಾದ.

ಮೊದಲು ಪ್ರಾಣಿಗಳನ್ನು ನೋಡೋಣ. ಚಳ್ಳಕೆರೆಯ ಅಮೃತಮಹಲ್ ಕಾವಲುಗಳ ಹುಲ್ಲುಗಾವಲು ಕೃಷ್ಣಮೃಗದ ನೆಲೆ. ಮೊಳಕಾಲ್ಮೂರಿನ ಕಲ್ಲುಗುಡ್ಡಗಳ ಪೊಟರೆಗಳಲ್ಲಿ ಕರಡಿ ಮತ್ತು ಚಿರತೆ, ಹೊಲದಂಚಿನಲ್ಲಿ ಕಾಡುಹಂದಿ. ಬೆಳೆದ ಗಂಡು ಕೃಷ್ಣಮೃಗದ ತೂಕ ಸಾಮಾನ್ಯವಾಗಿ 40 ಕಿಲೋ ಆಸುಪಾಸು. ಅದಕ್ಕೆ ಬೇಕಾದದ್ದು ದೂರಕ್ಕೆ ನೇರವಾಗಿ ಸಾಗುವ ಸಣ್ಣ ಗುಂಡು. ಗಂಡು ಕರಡಿ 100 ಕಿಲೋ ದಾಟುತ್ತದೆ. ಅದು ಬಂಡೆ ಸಂದಿಯಿಂದ ಹತ್ತಾರು ಹೆಜ್ಜೆ ದೂರದಲ್ಲಿ ಥಟ್ಟನೆ ಎದ್ದು ಮೇಲೆ ಬೀಳುವ ಪ್ರಾಣಿ. ಸುಮಾರು 8ರಿಂದ 10.5 ಮಿಲಿಮೀಟರ್ ವ್ಯಾಸದ, ಅಂದರೆ ಮಧ್ಯಮ ಗಾತ್ರದ ರೈಫಲ್ ತೋಟೆಯ ಪ್ರಶ್ನೆ ಈ ಸೀಮೆಯಲ್ಲಿ ಏಳುವುದು ಮುಖ್ಯವಾಗಿ ಕರಡಿಯ ವಿಷಯದಲ್ಲಿಯೇ.

ಊರವರ ಕೈಯಲ್ಲಿದ್ದದ್ದು ಕೇಪಿನ ನಾಡಕೋವಿ. ನಳಿಗೆಯ ಬಾಯಿಂದ ಮದ್ದು ಸುರಿದು, ಬಟ್ಟೆಚೂರು ಗಿಡಿದು, ಮೇಲೆ ಸೀಸದ ಗುಂಡನ್ನೋ ಚರೆಯನ್ನೋ ಇಳಿಸಿ ಸಲಾಕೆಯಿಂದ ಜಡಿಯಬೇಕು. ಒಂದು ಈಡು ತಪ್ಪಿದರೆ ಇನ್ನೊಂದಕ್ಕೆ ಹೊತ್ತು ಬೇಕು. ಅಷ್ಟರಲ್ಲಿ ಕರಡಿ ಮೈಮೇಲಿರುತ್ತದೆ. ಹೊರಗಿನವರು ಇದನ್ನು ಹಳ್ಳಿಗರ ಹಿಂದುಳಿದಿರುವಿಕೆ ಎಂದು ಬರೆದಿರುವುದುಂಟು. ಅದು ಅನ್ಯಾಯದ ಮಾತು. 1857ರಲ್ಲಿ ನಿಶ್ಶಸ್ತ್ರೀಕರಣ ಕಾಯ್ದೆಯನ್ನು ಧಿಕ್ಕರಿಸಿದ್ದಕ್ಕೆ ಮುಧೋಳದ ಹಲಗಲಿ ಬೇಡರು ಪ್ರಾಣವನ್ನೇ ತೆತ್ತರು. 1878ರ ಆಯುಧ ಕಾಯ್ದೆ ಪರವಾನಗಿಯ ಹಿಡಿತವನ್ನು ಇನ್ನಷ್ಟು ಬಿಗಿಗೊಳಿಸಿತು. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ದೊರೆಯಿತು. ಬೇಟೆಯೇ ಕುಲವೃತ್ತಿಯಾಗಿದ್ದ ಬೇಡರಿಗೆ ಅಂಥ ವಿನಾಯಿತಿ ಸಿಗಲಿಲ್ಲ. ಒಳ್ಳೆಯ ರೈಫಲ್ಲು ಅಧಿಕಾರಿಗಳ, ಸಿರಿವಂತರ ಸ್ವತ್ತಾಗಿಯೇ ಉಳಿಯಿತು.

ರೈಫಲ್ಲಿನವರಿಗಾದರೂ ಮನಸ್ಸಿಗೆ ಬಂದ ತೋಟೆ ಕೊಳ್ಳುವ ಸ್ವಾತಂತ್ರ್ಯವಿರಲಿಲ್ಲ. ಮೈಸೂರಿನಲ್ಲಿ ಆನೆ ಹಿಡಿಯುವ ಖೆಡ್ಡಾ ನಡೆಸಿದ ಸ್ಯಾಂಡರ್ಸನ್ 1878ರಲ್ಲಿ ತನ್ನ ಪುಸ್ತಕ ಪ್ರಕಟಿಸಿದಾಗ ಆನೆಗೆ 4 ಬೋರ್, 8 ಬೋರ್‌ನ ಭಾರಿ ಕಪ್ಪುಮದ್ದಿನ ಕೋವಿಗಳೇ ಗತಿ. ಹೊಗೆಯಿಲ್ಲದ ಮದ್ದು ಬಂದ ಮೇಲೆ ಕಡಿಮೆ ವ್ಯಾಸದ ಗುಂಡೇ ಆ ಕೆಲಸವನ್ನು ಮಾಡತೊಡಗಿತು. ಆದರೆ ಸೈನ್ಯದ ತೋಟೆ ಬಂಡಾಯಗಾರರ ಕೈಸೇರೀತೆಂಬ ಅಂಜಿಕೆಯಿಂದ ಸರ್ಕಾರ 1907ರಲ್ಲಿ .450 ಇಂಚು ವ್ಯಾಸದ ರೈಫಲ್ಲುಗಳನ್ನು ಭಾರತಕ್ಕೆ ತರುವುದನ್ನು ನಿಷೇಧಿಸಿತು. ಇಂಗ್ಲೆಂಡಿನ ತಯಾರಕರು ಕಾನೂನಿನ ಸಂದಿಯಲ್ಲಿ ನುಸುಳಿ .465, .470, .475 ತೋಟೆಗಳನ್ನು ಹುಟ್ಟುಹಾಕಿದರು. ಸೈನ್ಯದ .303 ಕೂಡ ಜನಸಾಮಾನ್ಯರಿಗೆ ನಿಷಿದ್ಧ. ಆ ಜಾಗಕ್ಕೆ ಬಂದದ್ದು .315. ಸುಮಾರು 244 ಗ್ರೇನ್ ತೂಕದ ಗುಂಡಿನ ಈ ತೋಟೆಯ ಮೂಲ ಆಸ್ಟ್ರಿಯಾದ 8 ಮಿಲಿಮೀಟರ್ ಮ್ಯಾನ್ಲಿಕರ್. ಸ್ವಾತಂತ್ರ್ಯಾನಂತರ ನಮ್ಮ ಸರ್ಕಾರಿ ಕಾರ್ಖಾನೆಗಳು ಇದೇ ವ್ಯಾಸದ ರೈಫಲ್ ತಯಾರಿಸಿದವು. .315 ಭಾರತದ ಬೇಟೆಗಾರನ ಮಾಮೂಲಿ ತೋಟೆಯಾದದ್ದಕ್ಕೆ ಅದರ ಶ್ರೇಷ್ಠತೆಗಿಂತ ಈ ಕಾನೂನುಗಳೇ ದೊಡ್ಡ ಕಾರಣ.

ಕರಡಿಗೆ ತಕ್ಕ ತೋಟೆ ಯಾವುದೆಂಬ ವಿಚಾರಕ್ಕೆ ಕೆನೆತ್ ಆಂಡರ್ಸನ್ ಒಳ್ಳೆಯ ಸಾಕ್ಷಿ. ಬೆಂಗಳೂರಿನ ಈ ಬೇಟೆಗಾರ (1910–1974) ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ–ಹೊಳಲ್ಕೆರೆಯ ನರಭಕ್ಷಕ ಹುಲಿಯ ಬಗ್ಗೆಯೂ ಅರಸೀಕೆರೆ ಕಡೆಯ ಮನುಷ್ಯಘಾತಕ ಕರಡಿಯ ಬಗ್ಗೆಯೂ ಬರೆದಿದ್ದಾನೆ. ಕನ್ನಡಿಗರಿಗೆ ಅವನನ್ನು ಹತ್ತಿರ ತಂದದ್ದು ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕತೆಗಳು’. ಅವನ ನೆಚ್ಚಿನ ಕೋವಿ .405 ವಿಂಚೆಸ್ಟರ್. 1895ರ ಮಾದರಿಯ ಈ ರೈಫಲ್ಲಿಗೆಂದೇ 1904ರಲ್ಲಿ ಹೊರಬಂದ ಆ ತೋಟೆಯ ಗುಂಡು 300 ಗ್ರೇನ್, ಅಂದರೆ ಸುಮಾರು ಹತ್ತೊಂಬತ್ತೂವರೆ ಗ್ರಾಂ; ನಳಿಗೆ ಬಿಡುವಾಗಿನ ವೇಗ ಸೆಕೆಂಡಿಗೆ ಸುಮಾರು 670 ಮೀಟರ್. ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಹೊತ್ತೊಯ್ದದ್ದೂ ಇದನ್ನೇ. ಇದು ಬಲುದೂರಕ್ಕೆ ಹೇಳಿಮಾಡಿಸಿದ ತೋಟೆಯಲ್ಲ. ಅದರ ಬಲವಿದ್ದದ್ದು ಹತ್ತಿರದಲ್ಲಿ, ಅದೂ ಹಿಡಿಕೆ ಜಗ್ಗಿದೊಡನೆ ಮತ್ತೊಂದು ಈಡು ಸಿದ್ಧವಾಗುವ ರೈಫಲ್ಲಿನಲ್ಲಿ. ಕರಡಿಯ ಗುಡ್ಡದಲ್ಲಿ ಬೇಕಾದದ್ದೂ ಅದೇ.

ವ್ಯಾಸದಷ್ಟೇ ಮುಖ್ಯವಾದದ್ದು ಗುಂಡಿನ ಮೂತಿ. ಪೂರ್ತಿ ಲೋಹದ ಕವಚವಿರುವ ಗಟ್ಟಿ ಗುಂಡು ಆನೆ, ಕಾಟಿಗಳ ದಪ್ಪ ಮೂಳೆಗೆ ಸರಿ. ತೆಳುಮೈಯ ಪ್ರಾಣಿಯಲ್ಲಿ ಅದು ಸಣ್ಣ ತೂತು ಮಾಡಿ ಆಚೆ ಹೋಗುತ್ತದೆ. ತುದಿಯಲ್ಲಿ ಸೀಸ ಕಾಣುವ ಮೆತ್ತನೆಯ ಗುಂಡು ಒಳಹೊಕ್ಕು ಅರಳಿ ಅಲ್ಲೇ ಕೆಡವುತ್ತದೆ. ಕಲ್ಕತ್ತೆಯ ಬಳಿಯ ಡಂಡಂ ಕಾರ್ಖಾನೆಯಿಂದ ಹೆಸರು ಪಡೆದ ಈ ಜಾತಿಯ ಗುಂಡನ್ನು 1899ರ ಹೇಗ್ ಒಪ್ಪಂದ ಯುದ್ಧದಲ್ಲಿ ನಿಷೇಧಿಸಿತು. ಬೇಟೆಯಲ್ಲಿ ಮಾತ್ರ ಪ್ರಾಣಿ ನರಳದೆ ಬೀಳುವುದಕ್ಕೆ ಅದೇ ಬೇಕಾಯಿತು. ಕರಡಿಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅದರ ಜೋಲುಗೂದಲು ನಿಜವಾದ ಮೈಯನ್ನು ಮರೆಮಾಡುತ್ತದೆ. ಬದಿಯಿಂದ ಹೊಡೆದ ಗುಂಡು ಬರೀ ಕೂದಲಲ್ಲಿ ಹಾದುಹೋಗಬಹುದು. ಎದ್ದು ನಿಂತ ಕರಡಿಯ ಎದೆಯ ಬಿಳಿಪಟ್ಟೆಯೇ ನೆಚ್ಚಬಹುದಾದ ಗುರಿ.

ತಕ್ಕ ತೋಟೆ ಇಲ್ಲದ್ದರ ಬೆಲೆಯನ್ನು ಪ್ರಾಣಿಯೂ ತೆತ್ತಿತು, ಊರೂ ತೆತ್ತಿತು. ಚರೆಯ ಗಾಯದಿಂದ ಕುಂಟಾದ ಹುಲಿ, ಚಿರತೆಗಳು ಓಡುವ ಬೇಟೆಯನ್ನು ಹಿಡಿಯಲಾಗದೆ ದನಗಾಹಿಗಳ ಮೇಲೆರಗಿದ್ದನ್ನು ಬೇಟೆಗಾರ–ಲೇಖಕ ಜಿಮ್ ಕಾರ್ಬೆಟ್ಟನೂ ಆಂಡರ್ಸನ್ನನೂ ಮತ್ತೆ ಮತ್ತೆ ದಾಖಲಿಸಿದ್ದಾರೆ. ಒಳ್ಳೆಯ ಆಯುಧವನ್ನು ತಡೆಹಿಡಿದ ಆಡಳಿತ, ಗಾಯಗೊಂಡ ಮೃಗಕ್ಕೆ ಹಳ್ಳಿಗನ ಕೇಪುಕೋವಿಯನ್ನಷ್ಟೇ ದೂರಿದ್ದು ನ್ಯಾಯವಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ತೆರೆ ಎಳೆಯಿತು. ಅದು ಆಗಲೇಬೇಕಾಗಿದ್ದ ಕೆಲಸ. ಈಗ ಶೇಂಗಾ ಹೊಲಕ್ಕೆ ಕರಡಿ ಇಳಿದರೆ ಬರುವುದು ಅರಣ್ಯ ಇಲಾಖೆಯ ಬೋನು ಮತ್ತು ಅರಿವಳಿಕೆಯ ಚುಚ್ಚುಮದ್ದಿನ ಕೋವಿ. ಆದರೆ ಹಳೆಯ ಬೇಟೆಯ ತಿಳಿವು ಹಟ್ಟಿಗಳ ಹಿರಿಯರ ಬಾಯಲ್ಲಿ ಉಳಿದಿರುವುದು ಇನ್ನೆಷ್ಟು ದಿನ? ಚಿತ್ರದುರ್ಗ ಜಿಲ್ಲೆಯ ಸಂಶೋಧನಾ ವಿದ್ಯಾರ್ಥಿಗಳು ಕೋವಿ ಪರವಾನಗಿಯ ಹಳೆಯ ಕಡತಗಳನ್ನು ಹುಡುಕಿ, ಆ ಹಿರಿಯರ ಮಾತನ್ನು ಅವುಗಳ ಪಕ್ಕದಲ್ಲಿಟ್ಟು ಓದುವ ಕೆಲಸವನ್ನು ಈಗಲೇ ಶುರುಮಾಡಬೇಕು.