ಮೀಟರ್ ಬಂತು ಅಂದಮೇಲೆ ವೈರಿಂಗ್ ಸರಿ ಇದೆಯಾ?

ಕೆಇಬಿ ಹೋಗಿ ಎರಡು ದಶಕ ದಾಟಿತು. 1999ರಲ್ಲಿ ಕೆಪಿಟಿಸಿಎಲ್ ಬಂತು, 2002ರಲ್ಲಿ ಬೆಸ್ಕಾಂ, ಹೆಸ್ಕಾಂ ಥರದ ಕಂಪನಿಗಳಾದವು. ನಾವು ಮಾತ್ರ ಕರೆಂಟ್ ಹೋದರೆ ಇವತ್ತಿಗೂ "ಕೆಇಬಿಗೆ ಫೋನ್ ಹಚ್ಚು" ಅನ್ನುತ್ತೇವೆ. ಅದರ ಜೊತೆ ಇನ್ನೊಂದು ನಂಬಿಕೆಯೂ ಉಳಿದುಕೊಂಡಿದೆ: ಮೀಟರ್ ಕೊಟ್ಟಿದ್ದಾರೆ, ಅಂದರೆ ವೈರಿಂಗ್ ನೋಡಿಯೇ ಕೊಟ್ಟಿರುತ್ತಾರೆ.

ಈ ನಂಬಿಕೆ ಹುಟ್ಟಿದ್ದು ಸುಮ್ಮನೆ ಅಲ್ಲ. ಶಿವನಸಮುದ್ರದ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ದೀಪ ಹತ್ತಿಸಿತು. 1910ರಲ್ಲಿ ಭಾರತೀಯ ವಿದ್ಯುತ್ ಕಾಯ್ದೆ ಬಂತು. ಆದರೆ ಮನೆ ವೈರಿಂಗಿಗೆ ಬಹುಕಾಲ ಆಧಾರವಾಗಿದ್ದು 1956ರ ವಿದ್ಯುತ್ ನಿಯಮಗಳು. ಅದರ 45ನೇ ನಿಯಮದ ಪ್ರಕಾರ ಲೈಸೆನ್ಸ್ ಇರುವ ಗುತ್ತಿಗೆದಾರರೇ ವೈರಿಂಗ್ ಮಾಡಬೇಕು. 48ನೇ ನಿಯಮದ ಪ್ರಕಾರ ಕರೆಂಟ್ ಕೊಡುವ ಮೊದಲು ಸೋರಿಕೆ ಪರೀಕ್ಷೆ ಆಗಬೇಕು. ಮೆಗ್ಗರ್ ಎಂಬ ಉಪಕರಣದಿಂದ ತಂತಿಗೂ ಭೂಮಿಗೂ ನಡುವೆ ಒಂದು ನಿಮಿಷ 500 ವೋಲ್ಟ್ ಹಾಕಿದರೆ, ತಡೆ 1 ಮೆಗಾಓಮ್‌ಗಿಂತ ಕಡಿಮೆ ಬರಬಾರದು. ಹನಿ ನೀರಾವರಿ ಪೈಪಿಗೆ ನೀರು ಬಿಟ್ಟು ಎಲ್ಲಿ ಸೋರುತ್ತದೆ ಎಂದು ನೋಡುವ ಹಾಗೆ.

ಆದರೆ ಆ ನಿಯಮ ಕೇಳುವುದು ಸಂಪರ್ಕ ಕೊಡುವ ಹೊತ್ತಿನ ಸ್ಥಿತಿಯನ್ನು ಮಾತ್ರ. ಆಮೇಲಿನದಕ್ಕೆ 46ನೇ ನಿಯಮ ಇತ್ತು. ಐದು ವರ್ಷ ಮೀರದಂತೆ ವಿದ್ಯುತ್ ಪರಿವೀಕ್ಷಕರೋ, ಕರೆಂಟ್ ಕೊಡುವವರೋ ಪ್ರತಿ ಸಂಪರ್ಕವನ್ನೂ ಮತ್ತೆ ಪರೀಕ್ಷಿಸಬೇಕಿತ್ತು. ಮನೆಯ ಹಿರಿಯರನ್ನು ಕೇಳಿ ನೋಡಿ, ಮೀಟರ್ ರೀಡಿಂಗ್ ಬಿಟ್ಟು ಬೇರೆ ಯಾವುದಕ್ಕಾದರೂ ಯಾರಾದರೂ ಒಳಗೆ ಬಂದಿದ್ದರಾ ಅಂತ.

ಇತ್ತ ಮನೆಗಳು ಬದಲಾದವು. ಭಾಗ್ಯಜ್ಯೋತಿಯಲ್ಲಿ ಬಡವರ ಮನೆಗೆ ಬಂದದ್ದು ಒಂದೇ ಬಲ್ಬು. ಬಡವರ ಮನೆಗೆ ಬೆಳಕು ಕೊಟ್ಟ ಆ ಯೋಜನೆಯನ್ನು ನಾನು ಹಳಿಯುವುದಿಲ್ಲ. ಆದರೆ ಆ ಒಂದು ಬಲ್ಬಿನ ಹೋಲ್ಡರಿನಿಂದ ಫ್ಯಾನಿಗೆ, ಅಲ್ಲಿಂದ ಟಿವಿಗೆ, ಟಿವಿ ಬೋರ್ಡಿನಿಂದ ಮಿಕ್ಸಿಗೆ ವೈರ್ ಎಳೆಯುತ್ತಾ ಹೋದೆವು. ಪ್ಲಗ್ ಇಲ್ಲದಿದ್ದರೆ ಬರಿ ತಂತಿಯನ್ನೇ ಸಾಕೆಟ್ಟಿಗೆ ತೂರಿಸಿ ಬೆಂಕಿಕಡ್ಡಿ ಸಿಕ್ಕಿಸಿದೆವು. ಮೊದಲ ದಿನದ ಪರೀಕ್ಷೆ ಇದ್ಯಾವುದನ್ನೂ ನೋಡಿಲ್ಲ.

ಕರೆಂಟ್ ಸೋರಿದರೆ ತಾನೇ ಲೈನ್ ಕತ್ತರಿಸುವ ಸಾಧನವನ್ನು ಕಡ್ಡಾಯ ಮಾಡಿದ 61ಎ ನಿಯಮವೂ 5 ಕಿಲೋವ್ಯಾಟ್‌ಗಿಂತ ಕಡಿಮೆ ಲೋಡಿನ ಮನೆಗಳನ್ನು ಬಿಟ್ಟೇ ಬಂತು. ಅಂದರೆ ಹಳ್ಳಿಯ ಬಹುಪಾಲು ಮನೆಗಳು ಹೊರಗೇ. ಮಣ್ಣಿನ ನೆಲ, ಒದ್ದೆ ಗೋಡೆ, ಬರಿಗಾಲು ಇರುವಲ್ಲೇ ಆ ಸಾಧನ ಹೆಚ್ಚು ಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

2003ರಲ್ಲಿ ಹೊಸ ವಿದ್ಯುತ್ ಕಾಯ್ದೆ, 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿ, 2023ರಲ್ಲಿ ಅದರ ಜಾಗಕ್ಕೆ ಇನ್ನೊಂದು ಬಂತು. ಈಗ ನಿಗದಿತ ವೋಲ್ಟೇಜ್‌ವರೆಗೆ ಮಾಲೀಕರೇ ಪರೀಕ್ಷೆ ಮಾಡಿಸಿ ಸ್ವಯಂ ದೃಢೀಕರಣ ಕೊಡುವ ದಾರಿ ಇದೆ. ಸರ್ಕಾರಿ ಅಧಿಕಾರಿಯ ಹೆಗಲ ಮೇಲಿದ್ದ ಕೆಲಸ ಮೆಲ್ಲಗೆ ನಮ್ಮ ಹೆಗಲಿಗೆ ದಾಟಿದೆ. ಊರಲ್ಲಿ ಯಾರೂ ಡಂಗುರ ಸಾರಲಿಲ್ಲ ಅಷ್ಟೇ.

ಹಾಗಾಗಿ ವೈರ್‌ಮನ್ ಬಂದಾಗ ಕೇಳಬೇಕಾದ್ದನ್ನು ಕೇಳಿ. ಲೈಸೆನ್ಸ್ ಇರುವ ಗುತ್ತಿಗೆದಾರರ ಟೆಸ್ಟ್ ರಿಪೋರ್ಟಿಗೆ ಸಹಿ ಬಿದ್ದಿದ್ದರೆ, ಮೆಗ್ಗರ್ ಹಚ್ಚಿದ್ದನ್ನು ಯಾರಾದರೂ ಕಂಡಿದ್ದಾರಾ? ಸ್ವಿಚ್ ಇರುವುದು ಫೇಸ್ ತಂತಿಗಾ, ನ್ಯೂಟ್ರಲ್‌ಗಾ? ತ್ರೀ ಪಿನ್ ಸಾಕೆಟ್ಟಿನ ಮೇಲಿನ ದೊಡ್ಡ ತೂತಿಗೆ ಹಸಿರು ತಂತಿ ಬಂದಿದೆಯಾ, ಬಂದಿದ್ದರೆ ಅದು ಅರ್ತಿಂಗ್ ಗುಂಡಿಯವರೆಗೆ ಹೋಗಿದೆಯಾ? ಎಷ್ಟೋ ಕಡೆ ಅದು ಬೋರ್ಡಿನ ಹಿಂದೆಯೇ ಸುರುಳಿ ಸುತ್ತಿಕೊಂಡು ಕೂತಿರುತ್ತದೆ.